ತೋಳ ಕುಲದ ಮಚ್ಛೇಂದ್ರ

ಭಾಲ್ಕಿ, ೯ ಅಕ್ಟೋಬರ್ ೧೯೫೬

ಶಾಲೆಗೆ ಇಂದು ಮೂವತ್ತೊಂದು ಮಕ್ಕಳು. ಎಲ್ಲ ನಮ್ಮ ಚಿಗರಿ ಕುಲದವರೇ. ಪಾಠ — ಹೊಸ ಮೈಸೂರು ರಾಜ್ಯದ ನಕಾಶೆ. ಸಂಜೆ ಸ್ಟೇಷನ್ನಿಗೆ ಹೋದೆ. ಪುಸ್ತಕದ ಪಾರ್ಸಲ್ ಬಂತೇ ಎಂದು ಕೇಳುವ ನೆಪ. ಮಚ್ಛೇಂದ್ರ ಅಲ್ಲಿ ಪಾರ್ಸಲ್ ಕ್ಲರ್ಕ್. ತೋಳ ಕುಲ. ಎರಡು ವರ್ಷದಿಂದ ಇದೇ ನೆಪ.

ಪೆಟ್ಟಿಗೆಯ ಮೊಳೆ ತಾಗಿ ನನ್ನ ಬೆರಳು ಕೊಯ್ದಿತು. ರಕ್ತ. ಅವನ ಮೂಗು ಅರಳಿತು, ಕಣ್ಣು ಹಳದಿಯಾಯಿತು. ನನ್ನ ಗೊರಸುಗಳು ತಾವಾಗಿ ಸಜ್ಜಾದವು. ಆದರೆ ಓಡಿದ್ದು ಅವನು — ಹಳಿ ದಾಟಿ, ಹೊಲದೊಳಗೆ.

೧೨ ಅಕ್ಟೋಬರ್

ಇಂದು ಡ್ಯೂಟಿಗೆ ಬಂದ. ಹತ್ತು ಹೆಜ್ಜೆ ದೂರ ನಿಂತೇ ಮಾತಾಡಿದ.

“ಕಸ್ತೂರಿ, ನನಗ ನನ್ನ ಮ್ಯಾಲೇ ಭರೋಸಾ ಇಲ್ಲ. ನೀ ಬರಬ್ಯಾಡ.”

“ನೀ ಓಡಿಹೋದಿ. ನನ್ನ ಹಿಡಿಲಿಲ್ಲ. ನನಗಷ್ಟ ಸಾಕು.”

ಅತ್ತ. ತೋಳ ಕುಲದವರು ಅಳುವುದನ್ನು ನೋಡಿರಲಿಲ್ಲ.

೨೩ ಅಕ್ಟೋಬರ್

ಅಣ್ಣ ಹಾವಗೆಪ್ಪನಿಗೆ ಗೊತ್ತಾಯಿತು. ನನ್ನ ಸೀರೆಯಲ್ಲಿ ಅವನ ವಾಸನೆ. ಅಣ್ಣ ಕೊಂಬನ್ನು ಗೋಡೆಗೆ ಉಜ್ಜುತ್ತ ನಿಂತಿದ್ದ.

“ಅಪ್ಪನ್ನ ತಿಂದವರು ಯಾರಂತ ಮರತೀಯೇನು?”

“ಇವ ಅಲ್ಲಣ್ಣಾ. ಆವಾಗ ಇವ ಕೂಸ.”

“ಹಲ್ಲು ಅವೇ.”

ಮೆಹಕರದ ಬಸವಣ್ಣೆಪ್ಪನೊಂದಿಗೆ ನನ್ನ ಮದುವೆ ಗೊತ್ತು ಮಾಡಿ ಬಂದಿದ್ದಾನೆ. ನನಗೆ ಇನ್ನು ಶಾಲೆ ಬಂದ್.

೩೦ ಅಕ್ಟೋಬರ್

ಮಚ್ಛೇಂದ್ರನ ಚೀಟಿ. ಅವನಿಗೆ ಉದಗೀರಕ್ಕೆ ವರ್ಗ. ಅದು ಇನ್ನು ಮುಂದೆ ಮುಂಬಯಿ ರಾಜ್ಯ. ಹುಲ್ಲು ತಿನ್ನುವವರಿಗೂ ಮಾಂಸ ತಿನ್ನುವವರಿಗೂ ಅಲ್ಲಿ ರಿಜಿಸ್ಟರ್ ಮದುವೆ ಮಾಡಿಕೊಡುತ್ತಾರಂತೆ. ಒಂದನೇ ತಾರೀಖು ಮನೆಯವರೆಲ್ಲ ಹೊಸ ರಾಜ್ಯದ ಝಂಡಾ ನೋಡಲು ಬೀದರಿಗೆ. ನಾನು ಬೆಳಗಿನ ಗಾಡಿ ಹತ್ತಬೇಕು. ಯಾರ ಕಣ್ಣಿಗೂ ಬೀಳದಂತೆ ಅವನು ಮುಂದೆ ಕಮಲನಗರದಲ್ಲಿ ಹತ್ತುತ್ತಾನೆ.

ದೇವರೇ, ಒಂದು ದಿನ... ಒಂದೇ ದಿನ.

ಎಕಂಬಾ, ೪ ನವೆಂಬರ್

ಇಷ್ಟು ದಿನ ಬರೆಯಲಾಗಲಿಲ್ಲ.

ಚೀಟಿ ಅಣ್ಣನ ಕಣ್ಣಿಗೂ ಬಿದ್ದಿತ್ತು; ಅವನು ಬೀದರಿಗೆ ಹೋಗಿರಲೇ ಇಲ್ಲ. ನನ್ನ ಗಾಡಿ ನಿಂತಾಗ ಕಮಲನಗರದ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದ. ಹಿಂದೆ ನಮ್ಮ ಹಿಂಡಿನ ಇಪ್ಪತ್ತು ಗಂಡಸರು. ಮಚ್ಛೇಂದ್ರ ಹಲ್ಲು ತೋರಿಸಲಿಲ್ಲ. ಕೈ ಎತ್ತಲಿಲ್ಲ. ಕೊಂಬುಗಳು ಹೊಟ್ಟೆಗೆ, ಪಕ್ಕೆಗೆ... “ಬಿಡಬ್ಯಾಡ್ರಿ, ಹೊಡೀರಿ!” ನನ್ನನ್ನು ಎತ್ತಿ ಆಡಿಸಿದ ಕಾಕಾಗಳ ದನಿ.

ಸತ್ತನೆಂದು ಬಿಟ್ಟರು. ನನ್ನನ್ನು ಎಳೆದುಕೊಂಡು ಹೊರಟಾಗ ಕೊಸರಿಕೊಂಡು ಜೋಳದ ಹೊಲಕ್ಕೆ ನುಗ್ಗಿದೆ. ಮಧ್ಯಾಹ್ನ ಹಿಂತಿರುಗಿ ಬಂದು ನೋಡಿದರೆ ಅವನಿಗೆ ಇನ್ನೂ ಉಸಿರಿತ್ತು. ಒಣ ಜೋಳದ ದಂಟು, ಕಣಿಕೆ, ಮಾರುವ ಅಕ್ತರಬೀ, ಮೊಲ ಕುಲದ ಮುದುಕಿ, ಅವನನ್ನು ಗಾಡಿಯಲ್ಲಿ ಕಣಿಕೆಯಡಿ ಮಲಗಿಸಿ, ಔರಾದ ಕಡೆಯ ಈ ತನ್ನ ಊರಿಗೆ ಕರೆತಂದಳು.

“ತೋಳ ಅಂದ್ರ ನಿಮಗ ಅಂಜಿಕಿ ಇಲ್ಲೇನ್ರಿ?”

“ಅದ ಬೇಟಿ. ಅಂಜಿಕೋತನೇ ಇದೆಲ್ಲ ಮಾಡ್ಲಕತ್ತೀನಿ.”

೬ ನವೆಂಬರ್, ಮಧ್ಯಾಹ್ನ

ಜ್ವರ. ಕುಡಿಸಿದ ಗಂಜಿ ನಿಲ್ಲುತ್ತಿಲ್ಲ. ಮಾಂಸವಿಲ್ಲದೆ ತೋಳ ಕುಲದ ಗಾಯ ಮಾಯುವುದಿಲ್ಲ. “ನನ್ನ ಕೈ ಕಟ್ಟು, ಹಸಿವು ಕೆಟ್ಟದ್ದು” ಎಂದು ತಾನೇ ಹಗ್ಗ ತೋರಿಸಿದ. ಕಟ್ಟಿದೆ.

ಕೋಳಿ ಕೊಂದೆ. ನಾನು. ಅದು ಒದ್ದಾಡುವುದು ನಿಲ್ಲುವವರೆಗೆ ಹಿಡಿದೇ ಇದ್ದೆ. ಗೋಡೆ ಹಿಡಿದು ವಾಂತಿ ಮಾಡಿಕೊಂಡೆ. ಆಮೇಲೆ ತುತ್ತು ತುತ್ತಾಗಿ ತಿನಿಸಿದೆ. ಹಲ್ಲು ನನ್ನ ಬೆರಳಿಗೆ ತಾಗಿದಾಗಲೆಲ್ಲ ತಲೆ ಹಿಂದಕ್ಕೆಳೆದುಕೊಳ್ಳುತ್ತಿದ್ದ.

೭ ನವೆಂಬರ್, ಬೆಳಿಗ್ಗೆ ಹತ್ತು

ಎದ್ದು ಕುಳಿತ. ನನ್ನ ಹೆಸರು ಹೇಳಿದ.

ಗೊರಸಿನ ಸದ್ದು — ಬಹಳ. ವಾಸನೆ ಹಿಡಿದು ಬಂದಿರಬೇಕು. “ಇಲ್ಲಿ ಯಾರೂ ಇಲ್ಲ್ರಿ!” ಅಕ್ತರಬೀ ಅಂಗಳದಲ್ಲಿ ಜೋರಾಗಿ ಕೂಗುತ್ತಿದ್ದಾಳೆ, ನಮಗೆ ಕೇಳಲೆಂದು.

“ಹಿಂದ ಕಿಡಕಿ ಅದ. ನೀ ಹೋಗು, ಕಸ್ತೂರಿ.”

ಇಲ್ಲ. ಹಗ್ಗ ಬಿಚ್ಚಿದೆ. ನಿಲ್ಲಲಾರ, ಆದರೂ ನಿಲ್ಲಲು ನೋಡುತ್ತಿದ್ದಾನೆ.

“ಕಸ್ತೂರೀ, ಹೊರಗ ಬಾರವ್ವಾ.” ಅಣ್ಣ. ದನಿ ಎಷ್ಟು ಮೆತ್ತಗಿದೆ.

ಬಾಗಿಲು ನಾನೇ ತೆಗೆಯುತ್ತೇನೆ. ಹೊಸ್ತಿಲಲ್ಲೇ ನಿಲ್ಲುತ್ತೇನೆ. ಇವನನ್ನು ಮುಟ್ಟಬೇಕಾದರೆ ಅಣ್ಣನ ಕೊಂಬು ಮೊದಲು ನನ್ನ ಎದೆಗೆ —