ಮರವೆಂದು ಗುರುತಿಸಿದ ಹನ್ನೊಂದು ಮನೆ

ಜೂನ್ 3, ಸಂಜೆ 6

ಮುಂದಿನ ಸಾಲಿನ ಮಹಾಜನರೇ, ಹಿಂದೆ ಗೋಡೆಗೊರಗಿ ನಿಂತವರೇ, ಸದ್ದು ಮಾಡಬೇಡಿ — ಪರದೆ ಎದ್ದಿದೆ. ಇದು ಬರೀ ಡೈರಿ, ಕೇಳುವವರು ಯಾರೂ ಇಲ್ಲ, ಗೊತ್ತು. ಅಪ್ಪ ನಾಟಕದಲ್ಲಿ ರಾಜನ ಪಾರ್ಟು ಮಾಡುತ್ತಿದ್ದವರು. ಸಭೆಯಿಲ್ಲದೆ ನನಗೆ ಮಾತು ಹೊರಡದು.

ಇಂದಿಗೆ ನಮ್ಮ ನಗರ ಯೋಜನಾ ಆಫೀಸಿನಲ್ಲಿ ನಗರದ ಮೂರು ಆಯಾಮದ ಮಾಡೆಲ್ ಮುಗಿಯಿತು. ವಿಮಾನದಿಂದ ಲೇಸರ್ ಹಾಯಿಸಿ ಅಳೆದ ಕೋಟಿಗಟ್ಟಲೆ ಚುಕ್ಕಿ. ಯಾವುದು ನೆಲ, ಯಾವುದು ಮರ, ಯಾವುದು ಕಟ್ಟಡ — ಸಾಫ್ಟ್‌ವೇರ್ ವಿಂಗಡಿಸುತ್ತದೆ. ಸ್ಥಳಕ್ಕೆ ಹೋಗಿ ತಾಳೆ ನೋಡುವವನು ನಾನು. ತಗ್ಗಿನ ಬಡಾವಣೆಗೆ ಪ್ರತಿ ಮಳೆಗೂ ನೀರು ನುಗ್ಗುತ್ತದೆ. ಇನ್ನು ಮೇಲ್ಗಡೆಯೇ, ಮನೆಗಳಿಲ್ಲದ ಹಸಿರು ಜಾಗದಲ್ಲಿ, ಆ ನೀರನ್ನು ಹಿಡಿದಿಡಲು ಹೊಸ ಕೆರೆ ತೋಡುವ ಯೋಜನೆ. ಜಾಗ ಹುಡುಕಿಕೊಟ್ಟದ್ದು ನಮ್ಮ ಮಾಡೆಲ್.

ಜೂನ್ 5, ಮಧ್ಯಾಹ್ನ

ಮಾಡೆಲ್‌ನ ಸಾರ್ವಜನಿಕ ಪ್ರದರ್ಶನ. ಚಿಕ್ಕಮ್ಮ ಬಂದಿದ್ದಳು. ತನ್ನ ಮನೆ ತೋರಿಸೆಂದಳು. ಗಲ್ಲಿ ಹುಡುಕಿದೆ, ತಿರುಗಿಸಿದೆ, ಹತ್ತಿರಕ್ಕೆಳೆದೆ. ಬರೀ ಮರಗಳು.

"ಮನೆ ಎಲ್ಲೋ?"

"ಮರ ಅಂತ ತೋರಿಸ್ತಿದೆ, ಚಿಕ್ಕಮ್ಮ."

"ಹಾಗಾದ್ರೆ ನಾನೇನು ಗೂಬೆಯೇನೋ, ಮರದಲ್ಲಿರೋಕೆ?"

ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಕೆರೆಯ ನೀಲಿ ಗೆರೆ ಆ ಮರಗಳನ್ನೆಲ್ಲ ಬಳಸಿಕೊಂಡಿತ್ತು...

ಜೂನ್ 6, ಬೆಳಿಗ್ಗೆ

ಗಲ್ಲಿಗೆ ಹೋದೆ. ಎರಡು ವರ್ಷವಾಗಿತ್ತು ಕಾಲಿಟ್ಟು. ತಗಡಿನ ಸೂರು ಬಿಸಿಲಿಗೆ ಕಾಯುತ್ತದೆಂದು ಹನ್ನೊಂದು ಮನೆಯವರೂ ಮೇಲೆ ಬಳ್ಳಿ ಹಬ್ಬಿಸಿದ್ದಾರೆ. ಒಳಗೆ ತಂಪೋ ತಂಪು. ನಗರವೆಲ್ಲ ಹೀಗೆ ಮಾಡಲಿ ಎಂದು ನಮ್ಮ ಯೋಜನೆಯಲ್ಲೇ ಬರೆದಿದ್ದೇವೆ — ಮಾಡಿದವರನ್ನೇ ಅಳಿಸಿದ್ದೇವೆ. ಲೇಸರ್‌ಗೆ ಎಲೆ ಕಂಡಿತು. ಸಾಫ್ಟ್‌ವೇರ್ ಮರವೆಂದಿತು. 'ಸ್ಥಳ ತನಿಖೆ ಆಗಿದೆ' ಎಂದು ಟಿಕ್ ಹಾಕಿ ಸಹಿ ಮಾಡಿದವನು?

ಕುರ್ಚಿ ಬಿಟ್ಟೇಳದ ನಾನು.

ಜೂನ್ 13

ವಾರ ಬಾಯಿ ಬಿಡಲಿಲ್ಲ. ಇಂದು ನಮ್ಮ ಮುಖ್ಯಸ್ಥೆಗೆ ಅರ್ಧ ಹೇಳಿದೆ — ಅಲ್ಲಿ ಮನೆಗಳಿವೆ ಎಂದಷ್ಟೇ. ಕೆಟ್ಟವರಲ್ಲ ಅವರು. ಜಾಗ ಬದಲಿಸಿದರೆ ಈ ಮಳೆಗಾಲ ಕೈಬಿಟ್ಟಂತೆ, ತಗ್ಗಿನ ನಾನೂರು ಮನೆಗೆ ಮತ್ತೆ ನೀರು ಎಂದರು. ಆಮೇಲೆ ಕಡತ ತಿರುವಿ ಹೇಳಿದರು:

"ನೀವೇ ಹೋಗಿ ನೋಡಿ ಸಹಿ ಹಾಕಿದ್ದೀರಲ್ಲ. ಆಗ ಇಲ್ಲದ ಮನೆ ಅಂದ್ರೆ, ಆಮೇಲೆ ಕಟ್ಟಿದ್ದು ಅಂತಾನೇ ಅಲ್ವಾ?"

ಬಾಗಿಲೆಳೆದುಕೊಂಡು ಹೊರಬಂದೆ. ಮೈಕಿಲ್ಲದೆ ಸಭೆ ತುಂಬುವ ಗಂಟಲು ನನ್ನದು — ಇಡೀ ಆಫೀಸಿಗೇ ಗೊತ್ತು.

ಜೂನ್ 17, ಬೆಳಿಗ್ಗೆ 11

ಹನ್ನೊಂದು ಮನೆಗೂ ನೋಟಿಸ್. ಒತ್ತುವರಿಯಂತೆ. ಬದಲಿ ಮನೆಯೂ ಇಲ್ಲ. ಮೂವತ್ತು ವರ್ಷದಿಂದ ಅಲ್ಲಿರುವವಳು ಚಿಕ್ಕಮ್ಮ. ಫೋನ್ ಮಾಡಿದಳು. ಅಳಲಿಲ್ಲ, ಬೈಯಲಿಲ್ಲ.

"ಭಯ ಬೀಳ್ಬೇಡಿ, ನಮ್ ಹುಡುಗ ಅದೇ ಆಫೀಸಲ್ಲಿದ್ದಾನೆ ಅಂತ ಎಲ್ಲರಿಗೂ ಹೇಳಿಬಿಟ್ಟಿದ್ದೀನಪ್ಪ."

ಹೂಂ ಎಂದೆ.

ಜೂನ್ 19, ಸಂಜೆ 5

ಎರಡು ದಿನ ಚುಕ್ಕಿಗಳನ್ನು ಮತ್ತೆ ವಿಂಗಡಿಸಿದೆ. ಎಲೆಗಳ ಸಂದಿಯಿಂದ ಇಳಿದು ತಗಡಿಗೆ ತಾಗಿದ ಚುಕ್ಕಿಗಳಿವೆ, ಸಪಾಟಾಗಿ, ಹನ್ನೊಂದು ಗುಂಪು. ಅಳೆದ ದಿನವೇ ಮನೆಗಳಿದ್ದವು. ಕೆರೆಯನ್ನು ಪಕ್ಕದ ಪಾರ್ಕಿಂಗ್ ಮೈದಾನಕ್ಕೆ ಸರಿಸಿ ನೋಡಿದೆ — ಸ್ವಲ್ಪ ಕಡಿಮೆ ನೀರು ಹಿಡಿಯುತ್ತದೆ, ಆದರೆ ಹಿಡಿಯುತ್ತದೆ. ಕೆಲಸ ಹೋದರೆ ಏನು ಗತಿ ಎಂದು ಹೆಂಡತಿ ಕೇಳಿದಳು.

ನಾಳೆ ಬೆಳಿಗ್ಗೆ ಹತ್ತಕ್ಕೆ ಕೆರೆ ಯೋಜನೆಯ ಸಮಿತಿ ಸಭೆ. ಗಲ್ಲಿಯವರೂ ಬರುತ್ತಾರೆ. ಪರದೆಯ ಮೇಲೆ ಮರಗಳ ಲೇಯರ್ ಆಫ್ ಮಾಡಿ ಕೆಳಗಿನ ಹನ್ನೊಂದು ಸೂರು ತೋರಿಸುತ್ತೇನೆ. ಮೈಕ್ ಮುಟ್ಟುವುದಿಲ್ಲ. ಕೊನೆಯ ಸಾಲಿಗೂ ಕೇಳುವಂತೆ ಹೇಳುತ್ತೇನೆ — ಸಹಿ ನನ್ನದು, ತನಿಖೆ ಸುಳ್ಳು, ಸಹಿ ಹಾಕುವ ಮುನ್ನ ನಾನು ಆ ಗಲ್ಲಿಗೆ ಹೋಗಿ ನೋಡಿರಲೇ ಇಲ್ಲ. ಆಮೇಲೆ ಚಿಕ್ಕಮ್ಮನ ಕಡೆ ತಿರುಗಿ ಕೈ ಮುಗಿಯುತ್ತೇನೆ — ಗೂಬೆ ನೀನಲ್ಲ, ಹಗಲಲ್ಲಿ ಕಣ್ಣು ಕಾಣದ ನಾನು.