ಲೈಟು, ನೀರು ಸೇರಿಸಿ ಬಾಡಿಗೆ

ಕೊಲ್ಹಾಪುರ,
೯ ಮೇ ೨೦೨೪

ಮುಕ್ತಕ್ಕನಿಗೆ,

ನಿನ್ನ ಸಾರಿಕಾಳ ಶರಣು. ಸುಳಕೂಡದಲ್ಲಿ ಮಾವ, ಮಕ್ಕಳು, ಕುರಿಮರಿ ಎಲ್ಲ ಸುಖವಾಗಿರಬೇಕು. ಮಗಳು ಶೀತಲಳ ನಿಶ್ಚಯಕ್ಕೂ ಬರಲಿಲ್ಲ, ಆಮೇಲೆ ಒಂದು ಮಾತೂ ಆಡಲಿಲ್ಲವೆಂದು ನೀನು ಸಿಟ್ಟಾಗಿರುತ್ತಿ. ಹೊಟ್ಟೆಗೆ ಹಾಕಿಕೋ. ಫೋನು ಮಾಡಬಹುದಿತ್ತು. ಆದರೆ ಈ ಫ್ಲಾಟಿನಲ್ಲಿ ಇರುವುದು ಒಂದೇ ಕೋಣೆ. ಪಿಸುಗುಟ್ಟಿದರೂ ನನ್ನ ಯಜಮಾನರಿಗೆ ಕೇಳಿಸುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಇಚಲಕರಂಜಿಯ ಮಗ್ಗದ ದೂಳು ಇವರ ಎದೆಯಲ್ಲಿ ಕೂತದ್ದು ನಿನಗೆ ಗೊತ್ತೇ ಇದೆ. ಈಗ ಆಕ್ಸಿಜನ್ ಮಶೀನು ಇಲ್ಲದೆ ಉಸಿರು ಸಾಲದು, ಹಗಲೂ ರಾತ್ರಿ ಮೂಗಿಗೆ ನಳಿಗೆ. ಊರಲ್ಲಿ ಕರೆಂಟು ನಂಬುವಂತಿಲ್ಲವೆಂದೇ ಇಲ್ಲಿಗೆ ಬಂದೆವು. ಮಾಲೀಕರು ಬಾಪೂಸಾಹೇಬರು, ಕೆಳಗಿನ ಮನೆಯಲ್ಲೇ ಇದ್ದಾರೆ. ಅವರ ತಾಯಿ ನಿಪ್ಪಾಣಿಯವರಂತೆ, ಹಾಗಾಗಿ ಬಾಪೂಸಾಹೇಬರಿಗೂ ಕನ್ನಡ ಬರುತ್ತದೆ. "ಲೈಟು, ನೀರು ಎಲ್ಲಾ ಬಾಡಿಗ್ಯಾಗ ಬಂತು ನೋಡವಾ, ಮೀಟರಿನ ಚಿಂತಿ ನಿನಗ ಬ್ಯಾಡ" ಎಂದಾಗ ನಾನು ಮೆಟ್ಟಿಲ ಮೇಲೇ ಅತ್ತುಬಿಟ್ಟಿದ್ದೆ. ಮಶೀನಿನ ವಿಷಯ ಮೊದಲೇ ಹೇಳಿದ್ದೆ ಅಕ್ಕಾ. ಮಿಕ್ಸರಿನಂಥದ್ದೇನೋ ಅಂದುಕೊಂಡರೋ ಏನೋ.

ಬಿಲ್ಲು ಬಂದ ದಿನ ಮೇಲೆ ಹತ್ತಿ ಬಂದರು. "ಲೈಟ್ ಬಿಲ್ ಬಾಡಿಗ್ಯಾಗ ಐತಿ ಅಂದಿದ್ದೆ, ದವಾಖಾನಿ ನಡಸ್ರಿ ಅಂದಿದ್ದಿಲ್ಲ."

"ಹೆಚ್ಚಿಗಿಂದು ನಾ ಕೊಡತೇನ್ರಿ, ಸ್ವಲ್ಪ ತಡೀರಿ" ಎಂದೆ.

"ಅದ ಒಂದ ಅಲ್ಲವಾ. ನನ್ನ ಮನ್ಯಾಗ ಏನರ ಹೆಚ್ಚುಕಡಿಮಿ ಆದ್ರ? ಖೋಲಿ ಖಾಲಿ ಮಾಡ್ರಿ."

ಮರುದಿನ ಮಧ್ಯಾಹ್ನ ನಮ್ಮ ಕರೆಂಟಿನ ಲೈನು ಬಂದ್ ಆಯಿತು. ಮೇನ್ ಸ್ವಿಚ್ಚು ಅವರ ಪಡಸಾಲೆಯಲ್ಲಿದೆ. ಇವರ ತುಟಿ ನೀಲಿಯಾಗುತ್ತಿತ್ತು. ಓಡಿಹೋಗಿ ಕಾಲು ಹಿಡಿದೆ, ಹಾಕಿದರು. ಆಮೇಲೆ ಮತ್ತೆ ತೆಗೆದರು, ಮತ್ತೆ ಕಾಲು ಹಿಡಿದೆ.

ಮೆಸ್ಸಿನಲ್ಲಿ ಚಪಾತಿ ಬೇಯಿಸುವ ಕೆಲಸ ಮುಗಿಸಿ ಬೇರೆ ಮನೆ ಹುಡುಕಲು ಹೋಗುತ್ತಿದ್ದೆ. ಶಾಹೂಪುರಿ, ರಾಜಾರಾಮಪುರಿ, ಉಚಗಾಂವ, ಎಲ್ಲಾ ತಿರುಗಿದೆ. ಮನೆಯಲ್ಲಿ ರೋಗಿ ಇದ್ದಾರೆಂದು ಕೇಳಿದ್ದೇ ಒಬ್ಬಾಕೆ ಬಾಗಿಲಲ್ಲೇ "ಪೇಶಂಟ್ ನಕೋ ಗ ಬಾಯಿ" ಎಂದು ಕದ ಹಾಕಿಕೊಂಡಳು. ಇನ್ನೊಬ್ಬರು, "ಅಂವ ಇಲ್ಲೇ ಸತ್ತ್ರ ಆಮ್ಯಾಲ ನನ್ನ ಮನಿ ಯಾರ ಹಿಡೀತಾರ?" ಎಂದು ನನ್ನ ಮುಖಕ್ಕೇ ಅಂದರು. ಮನೆಗೆ ಬಂದಾಗ ಇವರು ಏನಾಯಿತೆಂದು ಕೇಳಿದರು. ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ.

ಅಕ್ಕಾ, ಮಾವನಿಗೆ ಹೇಳಿ ಕೆಲವು ದಿನ ಇಲ್ಲಿಗೆ ಬಂದಿರು. ನಾನು ಕೆಲಸಕ್ಕೆ ಹೋದಾಗ ಇವರ ಬಳಿ ಯಾರಾದರೂ ಇರಲೇಬೇಕು. ಕೆಲಸ ಬಿಟ್ಟರೆ ಉಣ್ಣುವುದೇನು? ನಿನ್ನನ್ನು ಬಿಟ್ಟು ಬೇರೆ ಯಾರನ್ನು ಕೇಳಲಿ?

ಶೀತಲಳಿಗೆ ನನ್ನ ಆಶೀರ್ವಾದ. ಬೀರದೇವರು ಅವಳ ಸಂಸಾರವನ್ನು ತಂಪಾಗಿಡಲಿ, ಅವಳ ತಲೆಯ ಮೇಲೆ ಅವಳದೇ ಒಂದು ಸೂರು ಇರಲಿ.

ನಿನ್ನ ತಂಗಿ,
ಸಾರಿಕಾ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಸೋಮವಾರ ಮೆಸ್ಸಿನಲ್ಲಿ ಗ್ಯಾಸು ಮುಗಿದು ಬೇಗ ಬಂದೆ. ಮಶೀನು ಸುಮ್ಮನಿತ್ತು, ಇವರು ಗೋಡೆಗೊರಗಿ ಬಾಯಿ ತೆರೆದು ಏದುತ್ತಿದ್ದರು. ನನ್ನ ತಲೆ ಕೆಟ್ಟಿತು. ಕೆಳಗೆ ಓಡಿ, "ಜೀವಾ ತಗೀತೀರೇನ್ರಿ?" ಎಂದು ಚೀರಿದೆ. ಉಣ್ಣುತ್ತಿದ್ದ ಬಾಪೂಸಾಹೇಬರು ಎಂಜಲು ಕೈಯಲ್ಲೇ ಎದ್ದು ಬಂದರು. "ಅಂಬಾಬಾಯಿ ಆಣಿ, ಇವತ್ತ ನಾ ಮುಟ್ಟಿಲ್ಲವಾ. ನೋಡ ಇಲ್ಲೆ" ಎಂದು ಮೇನ್ ಸ್ವಿಚ್ಚು ತೋರಿಸಿದರು. ನಮ್ಮ ಲೈನು ಚಾಲೂ ಇತ್ತು.

ಮೇಲೆ ಬಂದು ನೋಡಿದೆ. ಗೋಡೆಯಿಂದ ಕಿತ್ತ ಪ್ಲಗ್ಗು ಇವರ ಕೈಯಲ್ಲೇ ಇತ್ತು ಅಕ್ಕಾ. ಮತ್ತೆ ಹಚ್ಚಿ, ಉಸಿರು ತಿರುಗಿದ ಮೇಲೆ ಯಾಕೆ ಎಂದು ಕೇಳಿದೆ. "ನಾ ಇರೂತನಕ ನಿನಗ ಯಾರೂ ಮನಿ ಕೊಡೂದಿಲ್ಲ" ಎಂದರು.

ಅಂದಿನಿಂದ ಕೆಲಸಕ್ಕೆ ಹೋಗಿಲ್ಲ. ಪ್ಲಗ್ಗಿರುವ ಆ ಗೋಡೆಗೇ ಬೆನ್ನು ಕೊಟ್ಟು ಕೂತಿದ್ದೇನೆ. ನನಗೂ ಎಂದಾದರೂ ನಿದ್ದೆ ಬಂದೇ ಬರುತ್ತದೆ. ಬೇಗ ಬಾ.