ಮೇಪಲ್ ಕೆಂಪಾಗುವ ಮೊದಲೇ ಹೊರಟೆವು

ಆರ್ವಿಲ್,

ನೀನು ದುರ್ಬೀನು ಹಿಡಿದು ಗುಡ್ಡದಿಂದ ಇಳಿದು ಬರುವ ಹೊತ್ತಿಗೆ ನಾನು ಬಾರ್ನಿಯನ್ನು ಕಾರಿಗೆ ಹತ್ತಿಸಿಕೊಂಡು ಹೊರಟಿರುತ್ತೇನೆ. ಗಾಬರಿಯಾಗಬೇಡ, ಬೂಟು ಬಿಚ್ಚಿ ಕುಳಿತು ಓದು.

ಮೇಪಲ್ ಮರಗಳ ಎಲೆ ಬಣ್ಣ ತಿರುಗುವುದನ್ನು ನೋಡಲು ಹೋಗೋಣ ಎಂದು ಮೂರು ವರ್ಷದಿಂದ ಹೇಳುತ್ತಿದ್ದೇನೆ. "ಇನ್ನೂ ನಾಕ್ ದಿನ ತಡಿಯೇ ಥೆಲ್ಮಾ, ಮೇಪಲ್ ಸರಿಯಾಗಿ ಕೆಂಪಾಗ್ಲಿ" ಎನ್ನುತ್ತಾ ದಿನಾ ಗುಡ್ಡ ಹತ್ತಿ ನೋಡಿ, ಎಲೆಯ ಬಣ್ಣಕ್ಕೊಂದು ನಕ್ಷೆ ಬರೆಯುತ್ತೀಯ. ಹೋದ ವರ್ಷ ನಾಲ್ಕನೇ ದಿನ ಬಿರುಗಾಳಿ ಬೀಸಿತು. ವರ್ಮಾಂಟಿನ ಬೋಳು ಮರಗಳನ್ನೆಲ್ಲ ಒಂದೂ ಬಿಡದೆ ನೋಡಿ ಬಂದೆವು.

ನಿನ್ನೆ ನಾಯಿ ಡಾಕ್ಟರು ಬಾರ್ನಿಯ ಎದೆಬಡಿತ ಕೇಳಿ, "ಹದಿನಾಲ್ಕು ವರ್ಷ ಆಯ್ತಲ್ಲಮ್ಮ, ಎಲ್ಲಿಗಾದ್ರೂ ಕರ್ಕೊಂಡೋಗೋದಿದ್ರೆ ಈಗ್ಲೇ ಹೋಗ್ಬಿಡಿ" ಎಂದರು. ನಿನಗೆ ಹೇಳಿದ್ದರೆ ನೀನು ಅಳುತ್ತಿದ್ದೆ, ಆಮೇಲೆ ಅದಕ್ಕೂ ಒಂದು ನಕ್ಷೆ ಬರೆಯುತ್ತಿದ್ದೆ. ಅದಕ್ಕೇ ಹೇಳಲಿಲ್ಲ.

ಒಲೆಯ ಮೇಲೆ ಓಟ್ಸ್ ಗಂಜಿ ಇದೆ, ಕುಡಿ. ಕೋಳಿಗೂಡಿನ ಅಗುಳಿ ಹಾಕು. ಬಾರ್ನಿಯ ಸಂಜೆಯ ಮಾತ್ರೆಯನ್ನು ಕಿಟಕಿಯ ಹತ್ತಿರ ಬೇಕೆಂದೇ ಬಿಟ್ಟಿದ್ದೇನೆ, ಅದನ್ನು ತರಲು ನೀನು ಬರದೆ ಬೇರೆ ದಾರಿ ಇರಬಾರದಲ್ಲ. ಪಿಕಪ್ಪಿಗೆ ಪೆಟ್ರೋಲ್ ಹಾಕಿಸಿದ್ದೇನೆ. ವಾಟರ್‌ವಿಲ್ಲಿನ ಮರದ ಸೇತುವೆ ಹತ್ತಿರ ಕಾಯುತ್ತೇವೆ.

ಆಗಲೇ ಕಾರಿನಲ್ಲಿ ಕೂತಿರುವ ಬಾರ್ನಿ, ನಿನ್ನ ಸೀಟು ಖಾಲಿ ಇರುವುದನ್ನು ಕಂಡು ಆಗಿನಿಂದ ನನ್ನ ಮೇಲೆ ಬೊಗಳುತ್ತಿದ್ದಾನೆ. ಅವನಿಗೆ ಎಲೆ ಯಾವ ಬಣ್ಣವಾದರೇನು?

ಇನ್ನೂ ಅರ್ಧ ಹಸಿರೇ ಇದೆ, ನನಗೂ ಗೊತ್ತು. ಇರಲಿ, ಬಾ.

ಥೆಲ್ಮಾ